ಯುದ್ಧಪೀಡಿತ ದೇಶದಲ್ಲಿ ಬಾಲಿಕೆಯರ ವಿದ್ಯೆ

ಮಕ್ಕಳಿಗೂ ಹಕ್ಕುಗಳುಂಟೆಂಬ ಮಾತು ಇಂದು ಎಲ್ಲ ದೇಶಗಳಲ್ಲಿಯೂ ಕೇಳಿಬರುತ್ತದೆ. ಆದರೆ ಆ ಹಕ್ಕೆಂದರೇನು, ಅದನ್ನು ಸಲ್ಲಿಸಬೇಕಾದವರು ಯಾರು, ಅದು ಯಾವ ಆಧಾರದ ಮೇಲೆ ನಿಂತಿದೆ, ಯುದ್ಧವು ಬಂದೆರಗಿದಾಗ ಅದರ ಗತಿಯೇನು ಎಂಬುದನ್ನು ವಿಚಾರಿಸುವವರು ವಿರಳ. ಬಾಲಿಕೆಯರ ಪಾಠಶಾಲೆಯೊಂದರ ಸ್ಮರಣ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಈ ವಿಚಾರವು ಹೊರಗಿನದೆಂದು ತೋರಲಾರದು. ಆದುದರಿಂದ ಒಂದು ದೇಶದ ದೃಷ್ಟಾಂತದಿಂದ ಇದನ್ನು ವಿವರಿಸಲು ನಾವು ಇಲ್ಲಿ ಯತ್ನಿಸುವೆವು. ಆ ದೇಶವು ಆಫ್ಘಾನಿಸ್ಥಾನ. ನೂರು ವರ್ಷಗಳ ಅವಧಿಯಲ್ಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆಗಳು ಮೂರು ಸಲ ಮುಚ್ಚಲ್ಪಟ್ಟವು. ಎರಡು ಸಲ ಅವು ಮರಳಿ ತೆರೆದವು. ಮೂರನೆಯ ಸಲ ಹಾಕಿದ ಬೀಗವನ್ನು ಇನ್ನೂ ತೆಗೆದಿಲ್ಲ.

ಮೊದಲು ಹಕ್ಕಿನ ವಿಷಯ. ಮಕ್ಕಳ ಹಕ್ಕೆಂಬ ಭಾವನೆಯು ಯುದ್ಧದ ಸಂಕಟದಿಂದಲೇ ಹುಟ್ಟಿತೆಂಬುದು ಗಮನಾರ್ಹವಾದುದು. ಮೊದಲನೆಯ ಮಹಾಯುದ್ಧವು ೧೯೧೮ರಲ್ಲಿ ನಿಂತ ಮೇಲೆಯೂ ಜರ್ಮನಿ ಮತ್ತು ಆಸ್ಟ್ರಿಯ ದೇಶಗಳಿಗೆ ಆಹಾರವು ಹೋಗದಂತೆ ಗೆದ್ದ ರಾಷ್ಟ್ರಗಳು ಹಾಕಿದ್ದ ದಿಗ್ಬಂಧನವು ಕೆಲವು ತಿಂಗಳು ಮುಂದುವರಿಯಿತು. ಅಲ್ಲಿಯ ಮಕ್ಕಳು ಹಸಿವಿನಿಂದ ಸೊರಗಿದರು. ಕೆಲಕಾಲ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದ ಎಗ್ಲಂಟೈನ್ ಜೆಬ್ ಎಂಬ ಆಂಗ್ಲ ಮಹಿಳೆಯು ೧೯೧೯ರಲ್ಲಿ ಲಂಡನ್ ನಗರದ ಟ್ರಫಾಲ್ಗರ್ ಚೌಕದಲ್ಲಿ ಈ ಮಕ್ಕಳ ದುಃಸ್ಥಿತಿಯನ್ನು ತಿಳಿಸುವ ಕರಪತ್ರಗಳನ್ನು ಹಂಚಿ, ದಸ್ತಗಿರಿಯಾಗಿ, ೫ ಪೌಂಡು ದಂಡವನ್ನು ತೆರಬೇಕಾಯಿತು. ಹಗೆಗಳ ಮಕ್ಕಳಿಗಾಗಿ ಅನ್ನ ಬೇಡುವುದು ಆಗ ಅನೇಕರ ಕಣ್ಣಿಗೆ ದೇಶದ್ರೋಹದಂತೆಯೇ ಕಂಡಿತು. ಅವರು ಹಿಂದೆಗೆಯಲಿಲ್ಲ. ತಮ್ಮ ಸಹೋದರಿ ಡೊರೊತಿ ಬಕ್ಸ್‌ಟನ್ ಅವರೊಡನೆ ಅದೇ ವರ್ಷ ‘ಸೇವ್ ದಿ ಚಿಲ್ಡ್ರನ್’ ಎಂಬ ಸಹಾಯನಿಧಿಯನ್ನು ಸ್ಥಾಪಿಸಿದರು. ದಯೆಯಿಂದ ಕೊಡುವ ಅನ್ನವು ಕೊಡುವವರ ಮನಸ್ಸು ಬದಲಾದೊಡನೆ ನಿಂತುಹೋಗುವುದೆಂದು ಅನುಭವದಿಂದ ತಿಳಿದುಕೊಂಡು, ೧೯೨೩ರಲ್ಲಿ ಮಕ್ಕಳ ಹಕ್ಕುಗಳ ಒಂದು ಚಿಕ್ಕ ಘೋಷಣೆಯನ್ನು ಸಿದ್ಧಪಡಿಸಿದರು. ೧೯೨೪ರ ಸೆಪ್ಟೆಂಬರ್ ತಿಂಗಳಲ್ಲಿ ಜಿನೀವದಲ್ಲಿ ಸೇರಿದ್ದ ರಾಷ್ಟ್ರಸಂಘವು ಅದನ್ನು ಅಂಗೀಕರಿಸಿತು.

ಆ ಘೋಷಣೆಯಲ್ಲಿದ್ದುವು ಐದೇ ವಾಕ್ಯಗಳು. ಹಸಿದ ಮಗುವಿಗೆ ಅನ್ನವನ್ನೂ ರೋಗಿಗೆ ಶುಶ್ರೂಷೆಯನ್ನೂ ಅನಾಥನಿಗೆ ಆಶ್ರಯವನ್ನೂ ಕೊಡಬೇಕೆಂದೂ, ಆಪತ್ಕಾಲದಲ್ಲಿ ಮೊದಲು ಸಹಾಯ ಹೊಂದತಕ್ಕದ್ದು ಮಗುವೇ ಎಂದೂ ಅದರಲ್ಲಿ ಹೇಳಿತ್ತು. ಶಾಲೆಯೆಂಬ ಮಾತು ಮಾತ್ರ ಪ್ರತ್ಯೇಕವಾಗಿ ಇರಲಿಲ್ಲ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ೧೯೫೯ರಲ್ಲಿ ಸಂಯುಕ್ತ ರಾಷ್ಟ್ರ ಸಂಸ್ಥೆಯು ಹೊರಡಿಸಿದ ಘೋಷಣೆಯಲ್ಲಿ ಉಚಿತವೂ ಕಡ್ಡಾಯವೂ ಆದ ಪ್ರಾಥಮಿಕ ವಿದ್ಯೆಯು ಸೇರಿತು. ೧೯೮೯ರ ನವೆಂಬರ್ ೨೦ರಂದು ಮಕ್ಕಳ ಹಕ್ಕುಗಳ ಒಡಂಬಡಿಕೆಯು ಅಂಗೀಕೃತವಾಯಿತು. ಘೋಷಣೆಗೂ ಒಡಂಬಡಿಕೆಗೂ ಇರುವ ಭೇದವನ್ನು ಇಲ್ಲಿ ತಿಳಿಯಬೇಕು. ಘೋಷಣೆಯು ಸದಿಚ್ಛೆಯ ಮಾತು. ಒಡಂಬಡಿಕೆಯಾದರೋ ಸರ್ಕಾರಗಳು ರುಜು ಹಾಕಿ ತಮ್ಮನ್ನು ತಾವೇ ಕಟ್ಟಿಕೊಂಡ ಕರಾರು. ಅದರ ೨೮ನೆಯ ವಿಧಿಯು ವಿದ್ಯೆಯನ್ನು ಮಗುವಿನ ಹಕ್ಕೆಂದು ಸಾರುತ್ತದೆ. ೨೯ನೆಯದು ಆ ವಿದ್ಯೆಯ ಉದ್ದೇಶವನ್ನು ಹೇಳುತ್ತದೆ. ೩೮ನೆಯದು ಯುದ್ಧದಲ್ಲಿ ಸಿಕ್ಕಿದ ಮಕ್ಕಳ ರಕ್ಷಣೆಯನ್ನು ಕುರಿತದ್ದು. ಹೆಣ್ಣು ಗಂಡೆಂಬ ಭೇದವನ್ನು ಮಾಡಕೂಡದೆಂಬುದು ೨ನೆಯ ವಿಧಿ. ಭಾರತವು ೧೯೯೨ರಲ್ಲಿ ಈ ಕರಾರಿಗೆ ಸೇರಿತು. ಆಫ್ಘಾನಿಸ್ಥಾನವು ೧೯೯೪ರಲ್ಲಿ, ಅದೂ ರಾಜಧಾನಿಯಾದ ಕಾಬೂಲಿನ ಬೀದಿಗಳಲ್ಲಿಯೇ ಕಾಳಗವು ನಡೆಯುತ್ತಿದ್ದ ವರ್ಷದಲ್ಲಿ, ಅದನ್ನು ಸ್ಥಿರೀಕರಿಸಿತು.

ಕಾಗದದ ಮೇಲೆ ಬರೆದ ಹಕ್ಕು ಮಗುವಿನ ಕೈಗೆ ಬರಬೇಕಾದರೆ ಏನೇನು ಬೇಕು? ನಾಲ್ಕು ಆಧಾರಗಳು ಬೇಕು. ಮೊದಲನೆಯದು, ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಶಾಲೆ. ಎರಡನೆಯದು, ಆ ಶಾಲೆಯಲ್ಲಿಯೂ ಅದರ ದಾರಿಯಲ್ಲಿಯೂ ನಿರ್ಭಯತೆ. ಮೂರನೆಯದು, ತಾಯಿತಂದೆಗಳು ನಂಬಿ ಮಗಳನ್ನು ಒಪ್ಪಿಸಬಲ್ಲ ಉಪಾಧ್ಯಾಯಿನಿ. ನಾಲ್ಕನೆಯದು, ಬಾಗಿಲನ್ನು ತೆರೆದಿಡುವ ಸರ್ಕಾರ. ಇವುಗಳಲ್ಲಿ ಒಂದು ಮುರಿದರೂ ಹಕ್ಕು ಕುಸಿಯುತ್ತದೆ. ಆದರೆ ಇವೆಲ್ಲವುಗಳಲ್ಲಿ ಮತ್ತೆ ಕಟ್ಟಲು ಬಹುಕಾಲ ಹಿಡಿಯುವುದು ಮೂರನೆಯದು. ಗೋಡೆಯನ್ನು ಒಂದು ವರ್ಷದಲ್ಲಿ ಎಬ್ಬಿಸಬಹುದು, ಆಜ್ಞೆಯನ್ನು ಒಂದು ದಿನದಲ್ಲಿ ಹೊರಡಿಸಬಹುದು. ಒಬ್ಬ ಉಪಾಧ್ಯಾಯಿನಿಯನ್ನು ಸಿದ್ಧಗೊಳಿಸಲು ಹದಿನೈದು ವರ್ಷ ಬೇಕು. ಆಕೆಯು ಹಿಂದೆ ಒಬ್ಬ ವಿದ್ಯಾರ್ಥಿನಿಯಾಗಿದ್ದಿರಲೇ ಬೇಕಷ್ಟೆ. ಆಫ್ಘಾನಿಸ್ಥಾನದ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡೋಣ.

ಅಲ್ಲಿಯ ದೊರೆಯಾದ ಅಮಾನುಲ್ಲನ ಪತ್ನಿ ಸುರಯ್ಯಾ ರಾಣಿಯವರು ೧೯೨೧ರಲ್ಲಿ ಕಾಬೂಲಿನಲ್ಲಿ ಬಾಲಿಕೆಯರಿಗಾಗಿ ಪಾಠಶಾಲೆಯನ್ನು ಏರ್ಪಡಿಸಿದರು. ೧೯೨೮ರಲ್ಲಿ ಕೆಲವರು ತರುಣಿಯರನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ತುರ್ಕಿ ದೇಶಕ್ಕೂ ಕಳುಹಿಸಲಾಯಿತು. ಸುಧಾರಣೆಗಳನ್ನು ಸಹಿಸದವರು ದಂಗೆಯೆದ್ದರು. ೧೯೨೯ರ ಜನವರಿಯಲ್ಲಿ ರಾಜಧಾನಿಯು ಬಂಡಾಯಗಾರರ ವಶವಾಯಿತು. ಶಾಲೆಗಳು ಮುಚ್ಚಿದವು, ತುರ್ಕಿಗೆ ಹೋದ ಹುಡುಗಿಯರನ್ನು ಹಿಂದಕ್ಕೆ ಕರೆಸಲಾಯಿತು. ದೊರೆಯೂ ರಾಣಿಯೂ ನಮ್ಮ ದೇಶದ ಮಾರ್ಗವಾಗಿ ಇಟಲಿಗೆ ತೆರಳಿದರು. ಆ ಪ್ರಯಾಣದಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಗಳಿಗೆ ಅವರು ‘ಇಂಡಿಯಾ’ ಎಂದೇ ಹೆಸರಿಟ್ಟರು. ಇದು ಮೊದಲನೆಯ ಬೀಗ.

ಮುಂದಿನ ಅರ್ಧ ಶತಮಾನದಲ್ಲಿ ಶಾಲೆಗಳು ಮೆಲ್ಲಮೆಲ್ಲನೆ ಮರಳಿ ಬಂದವು. ಪಟ್ಟಣಗಳಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆಗಳು ಬೆಳೆದವು. ಅವುಗಳಲ್ಲಿ ಓದಿದವರು ಉಪಾಧ್ಯಾಯಿನಿಯರೂ ವೈದ್ಯೆಯರೂ ಆದರು. ಹಳ್ಳಿಗಳಿಗೆ ಈ ಬೆಳಕು ಅಷ್ಟಾಗಿ ತಲಪಲಿಲ್ಲವೆಂಬುದನ್ನೂ ಹೇಳಬೇಕು. ೧೯೭೮ರಲ್ಲಿ ಸರ್ಕಾರವು ಬಲಾತ್ಕಾರದಿಂದ ಬದಲಾಯಿತು; ೧೯೭೯ರ ಡಿಸೆಂಬರಿನಲ್ಲಿ ಸೋವಿಯತ್ ರಷ್ಯದ ಸೈನ್ಯವು ನುಗ್ಗಿತು. ಆ ಸೈನ್ಯವು ೧೯೮೯ರಲ್ಲಿ ಹಿಂದಿರುಗುವ ತನಕ ನಡೆದ ಯುದ್ಧದಲ್ಲಿ ಲಕ್ಷಾಂತರ ಕುಟುಂಬಗಳು ಪಾಕಿಸ್ಥಾನಕ್ಕೂ ಇರಾನಿಗೂ ಓಡಿಹೋದವು.

ಯುದ್ಧವು ವಿದ್ಯೆಯನ್ನು ಎರಡು ಬಗೆಯಲ್ಲಿ ಕೆಡಿಸುತ್ತದೆ. ಒಂದು, ಶಾಲೆಯನ್ನು ನಾಶಪಡಿಸುವುದು; ಇನ್ನೊಂದು, ಶಾಲೆಯನ್ನೇ ಯುದ್ಧಕ್ಕೆ ಉಪಯೋಗಿಸುವುದು. ಎರಡನೆಯದು ಮೊದಲನೆಯದಕ್ಕಿಂತ ಕಡಮೆ ಕೇಡಲ್ಲ. ಆ ಕಾಲದಲ್ಲಿ ಅಮೆರಿಕದ ಹಣದಿಂದ ಅಚ್ಚಾಗಿ ನಿರಾಶ್ರಿತರ ಶಿಬಿರಗಳಲ್ಲಿ ಹಂಚಲ್ಪಟ್ಟ ಪಾಠಪುಸ್ತಕಗಳಲ್ಲಿ ಮಕ್ಕಳು ಬಂದೂಕುಗಳನ್ನೂ ಗುಂಡುಗಳನ್ನೂ ಎಣಿಸಿ ಲೆಕ್ಕವನ್ನು ಕಲಿಯುತ್ತಿದ್ದರು. ವಿದ್ಯೆಯು ಮಗುವನ್ನು ಶಾಂತಿಗೂ ಪರಸ್ಪರ ಗೌರವಕ್ಕೂ ಸಿದ್ಧಪಡಿಸಬೇಕೆಂದು ಒಡಂಬಡಿಕೆಯ ೨೯ನೆಯ ವಿಧಿಯು ಹೇಳುವುದು ಏತಕ್ಕೆಂದು ಇದರಿಂದ ತಿಳಿಯಬಹುದು. ಶಾಲೆಯಿದ್ದರೆ ಸಾಲದು; ಅಲ್ಲಿ ಏನನ್ನು ಕಲಿಸುತ್ತಾರೆಂಬುದೂ ಹಕ್ಕಿನ ಒಂದು ಅಂಗವಾಗಿದೆ.

ರಷ್ಯದವರು ಹೋದ ಮೇಲೆ ಪಂಗಡಗಳೊಳಗೆ ಯುದ್ಧವಾಯಿತು. ೧೯೯೬ರ ಸೆಪ್ಟೆಂಬರ್ ೨೭ರಂದು ತಾಲಿಬಾನ್ ಎಂಬ ಪಕ್ಷವು ಕಾಬೂಲನ್ನು ಹಿಡಿಯಿತು. ಹೆಣ್ಣುಮಕ್ಕಳು ಶಾಲೆಗೆ ಹೋಗಕೂಡದೆಂದೂ ಹೆಂಗಸರು ಹೊರಗೆ ಉದ್ಯೋಗ ಮಾಡಕೂಡದೆಂದೂ ಆಜ್ಞೆಯಾಯಿತು. ಆಗ ಆಜ್ಞೆ ಮಾಡಿದವರು ಎಣಿಸದಿದ್ದ ಒಂದು ಫಲವುಂಟಾಯಿತು. ಕಾಬೂಲಿನ ಉಪಾಧ್ಯಾಯ ವರ್ಗದಲ್ಲಿ ಹೆಚ್ಚಿನವರು ಸ್ತ್ರೀಯರೇ ಆಗಿದ್ದುದರಿಂದ ಗಂಡುಮಕ್ಕಳ ಎಷ್ಟೋ ಶಾಲೆಗಳೂ ಕಲಿಸುವವರಿಲ್ಲದೆ ನಿಂತುಹೋದವು. ಅಕ್ಕನಿಗೆ ಮುಚ್ಚಿದ ಬಾಗಿಲು ತಮ್ಮನಿಗೂ ಮುಚ್ಚಿತು. ಇದು ಎರಡನೆಯ ಬೀಗ.

ಆದರೂ ವಿದ್ಯೆಯು ಪೂರ್ತಿಯಾಗಿ ಅಳಿಯಲಿಲ್ಲ. ಕೆಲಸ ಕಳೆದುಕೊಂಡ ಉಪಾಧ್ಯಾಯಿನಿಯರು ತಮ್ಮ ಮನೆಗಳ ಒಳಕೋಣೆಗಳಲ್ಲಿ ಪಾಠ ಹೇಳತೊಡಗಿದರು. ಹೆರಾತ್ ನಗರದಲ್ಲಿ ಹೊಲಿಗೆ ಕಲಿಯುವ ನೆಪದಿಂದ ತರುಣಿಯರು ಸೇರಿ ಸಾಹಿತ್ಯವನ್ನು ಓದುತ್ತಿದ್ದರು. ನಿರಾಶ್ರಿತರ ನಡುವೆ ಕೆಲಸ ಮಾಡಿದ ಸಕೀನಾ ಯಾಕೂಬಿಯವರು ೧೯೯೫ರಲ್ಲಿ ಸ್ಥಾಪಿಸಿದ ಆಫ್ಘಾನ್ ವಿದ್ಯಾಸಂಸ್ಥೆಯು ೮೦ ಗುಪ್ತ ಗೃಹಪಾಠಶಾಲೆಗಳಿಗೆ ನೆರವಿತ್ತಿತು. ಅವುಗಳಲ್ಲಿ ೩,೦೦೦ ಹುಡುಗಿಯರು ಓದಿದರು. ಇಲ್ಲಿ ನಾವು ನೆನೆಯಬೇಕಾದುದು ಒಂದುಂಟು. ಈ ಉಪಾಧ್ಯಾಯಿನಿಯರು ಆಕಾಶದಿಂದಿಳಿದವರಲ್ಲ. ಹಿಂದಿನ ದಶಕಗಳ ಶಾಲೆಗಳಲ್ಲಿ ಓದಿ ಮುಗಿಸಿದವರು. ನಾಲ್ಕನೆಯ ಆಧಾರವಾದ ಸರ್ಕಾರವು ಕೈಬಿಟ್ಟಾಗ, ಮೂರನೆಯ ಆಧಾರವಾದ ಉಪಾಧ್ಯಾಯಿನಿಯೊಬ್ಬಳೇ ಆ ಭಾರವನ್ನು ಹೊತ್ತಳು.

೨೦೦೧ರ ಕೊನೆಯಲ್ಲಿ ಆ ಆಡಳಿತವು ಬಿದ್ದುಹೋಯಿತು. ೨೦೦೨ರ ಮಾರ್ಚಿ ತಿಂಗಳಲ್ಲಿ ಶಾಲೆಗಳು ತೆರೆದಾಗ ಸುಮಾರು ೩೦ ಲಕ್ಷ ಮಕ್ಕಳು ಬಂದು ಸೇರಿದರು. ೨೦೦೪ರ ರಾಜ್ಯಾಂಗವು ಪದವಿಯ ವರೆಗೆ ಉಚಿತ ವಿದ್ಯೆಯನ್ನು ಪ್ರತಿಯೊಬ್ಬ ಪ್ರಜೆಯ ಹಕ್ಕೆಂದು ಸಾರಿತು. ೨೦೦೧ರಲ್ಲಿ ಪ್ರಾಥಮಿಕ ಶಾಲೆಯಲ್ಲಿ ಹುಡುಗಿಯರು ಇಲ್ಲವೆಂದೇ ಹೇಳಬಹುದಾಗಿತ್ತು. ಯುನೆಸ್ಕೋ ಸಂಸ್ಥೆಯ ಲೆಕ್ಕದಂತೆ ೨೦೧೮ರ ವೇಳೆಗೆ ಅವರ ಸಂಖ್ಯೆ ೨೫ ಲಕ್ಷವಾಯಿತು. ನಮ್ಮ ದೇಶವೂ ಇದರಲ್ಲಿ ಕೈಗೂಡಿಸಿತು. ಕಾಬೂಲಿನ ಹಳೆಯ ಹಬೀಬಿಯಾ ಪ್ರೌಢಶಾಲೆಯ ಕಟ್ಟಡವನ್ನು ಭಾರತವು ಜೀರ್ಣೋದ್ಧಾರ ಮಾಡಿಸಿತು. ಸುಮಾರು ೨೦ ಲಕ್ಷ ಶಾಲಾ ಮಕ್ಕಳಿಗೆ ದಿನಕ್ಕೆ ೧೦೦ ಗ್ರಾಂ ಪೌಷ್ಟಿಕ ಬಿಸ್ಕತ್ತುಗಳನ್ನು ಒದಗಿಸಿತು. ಆಫ್ಘಾನ್ ವಿದ್ಯಾರ್ಥಿಗಳಿಗೆ ವೇತನವನ್ನಿತ್ತು ಇಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ಓದಿಸಿತು. ಬೆಂಗಳೂರು ಮೈಸೂರುಗಳಲ್ಲಿ ಅವರನ್ನು ಸಹಪಾಠಿಗಳಾಗಿ ಕಂಡವರು ನಮ್ಮ ವಾಚಕರಲ್ಲಿಯೂ ಇರಬಹುದು.

ಹತ್ತಿರದ ಶಾಲೆಯ ಮಹತ್ವವು ಎಷ್ಟೆಂಬುದನ್ನು ಆ ದೇಶದ ಘೋರ್ ಪ್ರಾಂತದಲ್ಲಿ ೨೦೦೭ರಲ್ಲಿ ನಡೆದ ಒಂದು ಪರೀಕ್ಷೆಯು ತೋರಿಸಿತು. ೩೧ ಹಳ್ಳಿಗಳನ್ನು ಆರಿಸಿ, ಕೆಲವಕ್ಕೆ ಒಡನೆಯೇ ಊರೊಳಗೇ ಶಾಲೆಯನ್ನು ಕೊಟ್ಟು, ಉಳಿದವಕ್ಕೆ ಮರುವರ್ಷ ಕೊಡಲಾಯಿತು. ಊರೊಳಗೆ ಶಾಲೆಯಿದ್ದಲ್ಲಿ ಇಲ್ಲದ ಊರುಗಳಿಗಿಂತ ನೂರು ಮಕ್ಕಳಲ್ಲಿ ೪೨ ಮಂದಿ ಹೆಚ್ಚಾಗಿ ಸೇರಿದರು. ಹುಡುಗ ಹುಡುಗಿಯರ ಸಂಖ್ಯೆಯಲ್ಲಿದ್ದ ಅಂತರವು ಮಾಯವಾಯಿತು. ಶಾಲೆಯು ಒಂದು ಮೈಲಿ ದೂರವಾದಂತೆಲ್ಲ ನೂರರಲ್ಲಿ ೧೩ ಹುಡುಗರು ಬಿಟ್ಟರೆ, ಹುಡುಗಿಯರಲ್ಲಿ ಬಿಟ್ಟವರು ೧೯. ಹೆಣ್ಣುಮಕ್ಕಳನ್ನು ಓದಿಸಲು ಆ ಹಳ್ಳಿಗರಿಗೆ ಮನಸ್ಸೇ ಇಲ್ಲವೆಂದು ಹೇಳುತ್ತಿದ್ದವರಿಗೆ ಇದೇ ಉತ್ತರ. ಅವರಿಗೆ ಇಲ್ಲದಿದ್ದುದು ಮನಸ್ಸಲ್ಲ, ಧೈರ್ಯದಿಂದ ಕಳುಹಿಸಬಹುದಾದ ದಾರಿ.

ಆ ದಾರಿಯೂ ನಿರ್ಭಯವಾಗಿರಲಿಲ್ಲ. ೨೦೦೮ರ ನವೆಂಬರಿನಲ್ಲಿ ಕಂದಹಾರದಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿಯರ ಮತ್ತು ಉಪಾಧ್ಯಾಯಿನಿಯರ ಮುಖಕ್ಕೆ ದುಷ್ಟರು ಆಮ್ಲವನ್ನು ಎರಚಿದರು. ಕೆಲವು ವಾರಗಳಲ್ಲಿ ಅವರಲ್ಲಿ ಬಹುಮಂದಿ ಮರಳಿ ಶಾಲೆಗೆ ಬಂದರು. ಶಾಲೆಗಳ ಮೇಲಿನ ಆಕ್ರಮಣಗಳು ೨೦೧೭ರಲ್ಲಿ ೬೮ ಇದ್ದುವು, ೨೦೧೮ರಲ್ಲಿ ೧೯೨ ಆದವು. ಆ ವರ್ಷದ ಚುನಾವಣೆಗೆ ಶಾಲೆಗಳನ್ನೇ ಮತಗಟ್ಟೆಗಳನ್ನಾಗಿ ಮಾಡಿದುದು ಇದಕ್ಕೆ ಒಂದು ಕಾರಣ. ಯುದ್ಧಕಾಲದಲ್ಲಿ ಶಾಲೆಯ ಕಟ್ಟಡವನ್ನು ಪಾಠಕ್ಕಲ್ಲದೆ ಬೇರೆ ಕಾರ್ಯಕ್ಕೆ ಉಪಯೋಗಿಸಿದರೆ ಹಗೆಯ ದೃಷ್ಟಿಯು ಅದರ ಮೇಲೆ ಬೀಳುತ್ತದೆ. ಇದನ್ನರಿತೇ ೨೦೧೫ರಲ್ಲಿ ಆಸ್ಲೋ ನಗರದಲ್ಲಿ ಅನೇಕ ರಾಷ್ಟ್ರಗಳು, ಸೈನಿಕರು ಶಾಲೆಗಳಲ್ಲಿ ಬೀಡುಬಿಡದಂತೆ ನೋಡಿಕೊಳ್ಳುವೆವೆಂದು ಮಾತುಕೊಟ್ಟವು. ಆದರೂ ೨೦೨೧ರ ಮೇ ೮ರಂದು ಕಾಬೂಲಿನ ಸೈಯದ್ ಉಲ್ ಶುಹದಾ ಶಾಲೆಯ ಹೊರಗೆ ಬಾಂಬುಗಳು ಸಿಡಿದು ೮೦ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಪಾಠ ಮುಗಿಸಿ ಮನೆಗೆ ಹೊರಟಿದ್ದ ಬಾಲಿಕೆಯರು.

೨೦೨೧ರ ಆಗಸ್ಟ್ ೧೫ರಂದು ತಾಲಿಬಾನರು ಮತ್ತೆ ಕಾಬೂಲನ್ನು ಪ್ರವೇಶಿಸಿದರು. ದೊಡ್ಡ ಯುದ್ಧವು ಅಲ್ಲಿಗೆ ನಿಂತಿತು. ಯುದ್ಧವು ನಿಂತರೆ ಹಕ್ಕು ತಾನಾಗಿಯೇ ಮರಳುವುದೆಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಇಲ್ಲಿ ಆದುದು ಅದಕ್ಕೆ ವಿರುದ್ಧ. ಸೆಪ್ಟೆಂಬರಿನಲ್ಲಿ ಪ್ರೌಢಶಾಲೆಗಳಿಗೆ ಹುಡುಗರನ್ನು ಕರೆದರು; ಹುಡುಗಿಯರ ಮಾತೇ ಎತ್ತಲಿಲ್ಲ. ೨೦೨೨ರ ಮಾರ್ಚಿ ೨೩ರಂದು ಹುಡುಗಿಯರಿಗೂ ಶಾಲೆ ತೆರೆಯುವುದೆಂಬ ಸುದ್ದಿಯನ್ನು ನಂಬಿ ಮಕ್ಕಳು ಬಂದು ತರಗತಿಗಳಲ್ಲಿ ಕುಳಿತರು. ಕೆಲವೇ ಗಂಟೆಗಳಲ್ಲಿ ಅವರನ್ನು ಮನೆಗೆ ಕಳುಹಿಸಲಾಯಿತು. ಆ ವರ್ಷದ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯಗಳೂ ಹೆಂಗಸರಿಗೆ ಮುಚ್ಚಿದವು. ಆರನೆಯ ತರಗತಿಯ ಆಚೆಗೆ ಧಾರ್ಮಿಕ ಪಾಠಶಾಲೆಗಳು ಮಾತ್ರ ಉಳಿದವು. ಹೀಗೆ ಶಾಲೆಯಿಂದ ಹೊರಗುಳಿದ ಬಾಲಿಕೆಯರು ೧೪ ಲಕ್ಷಕ್ಕೆ ಕಡಮೆಯಿಲ್ಲವೆಂದು ೨೦೨೪ರ ಆಗಸ್ಟಿನಲ್ಲಿ ಯುನೆಸ್ಕೋ ಲೆಕ್ಕಹಾಕಿತು. ಇದು ಮೂರನೆಯ ಬೀಗ.

ಇದನ್ನು ಇಸ್ಲಾಂ ಮತದ ಮೇಲೆ ಹೊರಿಸುವುದು ನ್ಯಾಯವಲ್ಲ. ಜಗತ್ತಿನ ಬೇರೆ ಯಾವ ಮುಸಲ್ಮಾನ ದೇಶವೂ ಹೆಣ್ಣುಮಕ್ಕಳಿಗೆ ಪ್ರೌಢವಿದ್ಯೆಯನ್ನು ನಿಷೇಧಿಸಿಲ್ಲ. ಮೊದಲ ಶಾಲೆಯನ್ನು ತೆರೆದ ರಾಣಿಯೂ, ಗುಪ್ತವಾಗಿ ಪಾಠ ಹೇಳಿದವರೂ, ಮಗಳನ್ನು ಅಪಾಯವನ್ನರಿತೂ ಕಳುಹಿಸಿದ ತಂದೆಯೂ ಅದೇ ಮತದವರು. ೨೦೨೨ರ ಸೆಪ್ಟೆಂಬರಿನಲ್ಲಿ ಪಕ್ತಿಯಾ ಪ್ರಾಂತದ ಹಿರಿಯರು ತಾವಾಗಿ ನಿಂತು ಹುಡುಗಿಯರ ಕೆಲವು ಪ್ರೌಢಶಾಲೆಗಳನ್ನು ತೆರೆಸಿದರು. ಅಧಿಕಾರಿಗಳು ಮತ್ತೆ ಮುಚ್ಚಿದಾಗ ಗರ್ದೇಜ್ ಪಟ್ಟಣದ ಬೀದಿಯಲ್ಲಿ ಹುಡುಗಿಯರೇ ಮೆರವಣಿಗೆ ಹೊರಟರು.

ಈ ಬೀಗದ ಫಲವು ಇಂದಿಗಿಂತ ಮುಂದಕ್ಕೆ ಹೆಚ್ಚು. ಅದೆಂತೆಂದರೆ, ಆ ದೇಶದ ರೂಢಿಯಲ್ಲಿ ಅನೇಕ ಕುಟುಂಬಗಳು ಹೆಂಗಸರನ್ನು ಪುರುಷ ವೈದ್ಯರ ಬಳಿಗೆ ಕರೆದೊಯ್ಯಲು ಒಪ್ಪುವುದಿಲ್ಲ. ೨೦೦೨ರಲ್ಲಿ ಇಡೀ ದೇಶಕ್ಕೆ ಶಿಕ್ಷಣ ಪಡೆದ ಸೂಲಗಿತ್ತಿಯರು ಐದುನೂರಕ್ಕಿಂತ ಕಡಮೆಯಿದ್ದರು; ಹೆರಿಗೆಯಲ್ಲಿ ತಾಯಂದಿರು ಸಾಯುತ್ತಿದ್ದ ಪ್ರಮಾಣವು ಲೋಕದಲ್ಲೇ ಅತ್ಯಧಿಕವಾದವುಗಳಲ್ಲಿ ಒಂದಾಗಿತ್ತು. ಶಾಲೆಯಲ್ಲಿ ಓದಿದ ತರುಣಿಯರನ್ನು ಆರಿಸಿ ಕಲಿಸಿದುದರಿಂದ ಕೆಲವು ವರ್ಷಗಳಲ್ಲಿ ಆ ಸಂಖ್ಯೆಯು ಸಾವಿರಗಳಿಗೇರಿತು, ಸಾವುಗಳೂ ಇಳಿದವು. ೨೦೨೪ರ ಡಿಸೆಂಬರಿನಲ್ಲಿ ದಾದಿಯರ ಮತ್ತು ಸೂಲಗಿತ್ತಿಯರ ಶಿಕ್ಷಣವೂ ಹೆಂಗಸರಿಗೆ ನಿಂತಿತು. ಈಗ ಲೆಕ್ಕವನ್ನು ನೋಡಿರಿ. ೨೦೨೧ರಲ್ಲಿ ಆರನೆಯ ತರಗತಿಯನ್ನು ಮುಗಿಸಿದ ಹನ್ನೆರಡು ವರ್ಷದ ಬಾಲಿಕೆಯು ೨೦೨೫ರಲ್ಲಿ ಹದಿನಾರು ವರ್ಷದವಳಾದಳು. ಅವಳು ಕಲಿಸಬೇಕಾಗಿದ್ದ ಮಕ್ಕಳು ಇನ್ನೂ ಹುಟ್ಟಿರಲಾರರು. ಆದರೆ ಅವರ ಉಪಾಧ್ಯಾಯಿನಿಯು ಈಗಾಗಲೇ ಇಲ್ಲವಾಗಿದ್ದಾಳೆ. ಎರಡನೆಯ ಬೀಗದ ಕಾಲದಲ್ಲಿ ಒಳಕೋಣೆಗಳಲ್ಲಿ ಪಾಠ ಹೇಳಿದವರಂಥವರು ಮುಂದೆ ಎಲ್ಲಿಂದ ಬರಬೇಕು? ನಿಜವಾದ ಭಯವು ಇದೇ.

ಹಾಗಾದರೆ ಒಡಂಬಡಿಕೆಯು ನಿಷ್ಪ್ರಯೋಜಕವೇ? ಅಲ್ಲ. ಅದು ಬೀಗವನ್ನು ತೆಗೆಯಲಾರದು. ಆದರೆ ಬೀಗ ಹಾಕಿದುದು ಅನ್ಯಾಯವೆಂದು ದಾಖಲೆಯಲ್ಲಿ ಉಳಿಸುತ್ತದೆ. ಕೊಟ್ಟ ಮಾತನ್ನು ಆಳುವವರು ಬದಲಾದರೂ ದೇಶವು ನಡಸಬೇಕು. ೨೦೨೫ರ ಜುಲೈ ೮ರಂದು ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಬಾಲಿಕೆಯರನ್ನೂ ಸ್ತ್ರೀಯರನ್ನೂ ಪೀಡಿಸಿದ ಆರೋಪದ ಮೇಲೆ ತಾಲಿಬಾನರ ಪರಮ ನಾಯಕರ ಮತ್ತು ಮುಖ್ಯ ನ್ಯಾಯಾಧೀಶರ ದಸ್ತಗಿರಿಗೆ ವಾರಂಟುಗಳನ್ನು ಹೊರಡಿಸಿತು. ಇದರಿಂದ ಯಾವ ಶಾಲೆಯೂ ತೆರೆಯಲಿಲ್ಲ. ಆದರೂ ಹಿಂದೆ ಕೇವಲ ದುರದೃಷ್ಟವೆನಿಸುತ್ತಿದ್ದುದು ಇಂದು ಅಪರಾಧವೆನಿಸಿತು. ಇತ್ತ ದೇಶದೊಳಗೆ ಗೃಹಪಾಠಗಳು ಮತ್ತೆ ಮೊದಲಾದವು. ೨೦೨೧ರ ಮಾರ್ಚಿ ೮ರಂದು ಕಾಬೂಲಿನಲ್ಲಿ ಆರಂಭವಾದ ‘ರೇಡಿಯೋ ಬೇಗಂ’ ಎಂಬ ಸ್ತ್ರೀಯರ ಆಕಾಶವಾಣಿಯು ಮನೆಯಲ್ಲಿರುವ ಬಾಲಿಕೆಯರಿಗೆ ಶಾಲೆಯ ಪಾಠಗಳನ್ನೇ ಪ್ರಸಾರಮಾಡಿತು.

ಈ ವೃತ್ತಾಂತದಿಂದ ನಮಗೆ ತಿಳಿಯುವುದು ಇಷ್ಟು. ವಿದ್ಯೆಯ ಹಕ್ಕನ್ನು ಕಾಯುವುದಕ್ಕೆ ಕಾನೂನು ಬೇಕು, ಕಟ್ಟಡ ಬೇಕು, ದಾರಿಯ ನಿರ್ಭಯತೆ ಬೇಕು. ಆದರೆ ಅವೆಲ್ಲವೂ ಹೋದಾಗ ಅದನ್ನು ಉಳಿಸುವವಳು ಹಿಂದೆ ಓದಿದ ಹೆಣ್ಣುಮಗಳು. ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳ ಶಾಲೆಗಳು ಮೊದಲು ಏರ್ಪಟ್ಟಾಗಲೂ ಉಪಾಧ್ಯಾಯಿನಿಯರು ದೊರೆಯುವುದು ದುರ್ಲಭವಾಗಿತ್ತು. ಮೊದಮೊದಲು ಕಲಿತವರೇ ಮುಂದೆ ಕಲಿಸುವವರಾದುದರಿಂದ ಆ ಕೊರತೆಯು ನೀಗಿತು. ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ತರಗತಿಯ ಗೆಳತಿಯರಲ್ಲಿ ಎಷ್ಟು ಮಂದಿ ಉಪಾಧ್ಯಾಯಿನಿಯರೂ ದಾದಿಯರೂ ವೈದ್ಯೆಯರೂ ಆದರೆಂದು ಎಣಿಸಿ ನೋಡಲಿ. ಅವರಲ್ಲಿ ಒಬ್ಬೊಬ್ಬರನ್ನು ಆರನೆಯ ತರಗತಿಯಲ್ಲಿಯೇ ಮನೆಗೆ ಕಳುಹಿಸಿದ್ದರೆ ಇಂದು ಯಾವ ಯಾವ ಊರಿನ ಯಾವ ಯಾವ ಶಾಲೆ, ಯಾವ ಯಾವ ಆಸ್ಪತ್ರೆ ಬರಿದಾಗಿರುತ್ತಿತ್ತೆಂದು ಯೋಚಿಸಲಿ. ಆಫ್ಘಾನ್ ಬಾಲಿಕೆಯರಿಗೆ ಆಗಿರುವ ನಷ್ಟದ ಅಳತೆಯು ಅದರಿಂದ ತಿಳಿದೀತು. ಮನೆಯಲ್ಲಿ ಮಗಳನ್ನು ಪ್ರೌಢಶಾಲೆಯಿಂದ ಬಿಡಿಸಬೇಕೆಂಬ ಮಾತು ಎಂದಾದರೂ ಬಂದರೆ, ತಾಯಿತಂದೆಗಳು ಇದನ್ನು ನೆನೆದು ಆಕೆಯನ್ನು ಮರುದಿನವೂ ಶಾಲೆಗೆ ಕಳುಹಿಸಲೆಂದು ನಾವು ಬೇಡುತ್ತೇವೆ.